ಮಿನಿಯೇಚರ್ ಬಳಗಕ್ಕೆ ಯಾವ ಆಟ? ಕೊಡಗಿನಲ್ಲಿ ಕೂತು ಅಳೆದು ನೋಡಿದ್ದು

ಕಳೆದ ಎರಡು ತಿಂಗಳಲ್ಲಿ ಒಂದೇ ಪ್ರಶ್ನೆಯನ್ನು ಮೂವರು ಮೂರು ಬಗೆಯಲ್ಲಿ ಕೇಳಿದರು. ಗೋಣಿಕೊಪ್ಪದ ಕಾಲೇಜು ಹುಡುಗನ ಬಳಿ ಅವನ ಅಣ್ಣ ದುಬೈಯಿಂದ ತಂದುಕೊಟ್ಟ ವಾರ್‌ಹ್ಯಾಮರ್ ಎಂಬ ಗೊಂಬೆ-ಯುದ್ಧದಾಟದ ಪೆಟ್ಟಿಗೆ ಇದೆ, ಎದುರಾಳಿ ಮಾತ್ರ ಇಲ್ಲ. ಕುಶಾಲನಗರದ ದಂಪತಿಗೆ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಆಡುವಂಥದ್ದು ಬೇಕು. ಮಡಿಕೇರಿಯ ಶಿಕ್ಷಕರೊಬ್ಬರಿಗೆ ಆಡುವುದಕ್ಕಿಂತ ಗೊಂಬೆಗೆ ಬಣ್ಣ ಹಚ್ಚುವುದರಲ್ಲೇ ಖುಷಿ, ಪಕ್ಕದಲ್ಲಿ ಕೂತು ಹಚ್ಚುವವರು ನಾಲ್ಕು ಜನ ಸಿಕ್ಕರೆ ಸಾಕು. ಮೂವರಿಗೂ ತಿಳಿಯಬೇಕಾಗಿರುವುದು ಇಷ್ಟೇ: ಇಲ್ಲೊಂದು ಬಳಗ ಕಟ್ಟುವುದಾದರೆ ಯಾವ ಆಟದ ಮೇಲೆ ಕಟ್ಟಬೇಕು?

ಈ ಹವ್ಯಾಸ ಗೊತ್ತಿಲ್ಲದವರಿಗೆ ಎರಡು ಮಾತು. ಹೆಬ್ಬೆರಳಿನಷ್ಟು ಎತ್ತರದ ಗೊಂಬೆಗಳು. ನಿಂತ ಮನುಷ್ಯನ ಕಣ್ಣಿನ ಮಟ್ಟಕ್ಕೆ ಸುಮಾರು 28 ಮಿಲಿಮೀಟರ್ ಎನ್ನುವುದು ಹೆಚ್ಚು ಬಳಕೆಯ ಅಳತೆ. ಅವುಗಳನ್ನು ಜೋಡಿಸಿ, ಬಣ್ಣ ಹಚ್ಚಿ, ಗುಡ್ಡ-ಮನೆ-ಮರಗಳಿರುವ ಮೇಜಿನ ಮೇಲೆ ಇಂಚಿನ ಟೇಪು ಹಿಡಿದು ನಡೆಸುತ್ತಾರೆ. ಚೌಕದ ಮನೆಗಳಿಲ್ಲ. ಗುಂಡು ತಗುಲಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ. ಇದು ಬರೀ ಮಕ್ಕಳಾಟವೂ ಅಲ್ಲ: 1824ರಲ್ಲೇ ಪ್ರಷ್ಯದ ಸೈನ್ಯ ತನ್ನ ಅಧಿಕಾರಿಗಳ ತರಬೇತಿಗೆ ಇಂಥದ್ದೊಂದು ಆಟವನ್ನು ಅಳವಡಿಸಿಕೊಂಡಿತ್ತು. ನಮ್ಮ ಮೇಜನ್ನು ಮೊದಲ ಸಲ ನೋಡಿದ ನಿವೃತ್ತ ಸುಬೇದಾರರೊಬ್ಬರು ಒಳಗೆ ಬರುವ ಮೊದಲೇ, ಬಾಗಿಲಲ್ಲಿ ನಿಂತುಕೊಂಡೇ, “ಅರೆ, ಇದು ನಮ್ಮ ಸ್ಯಾಂಡ್ ಮಾಡೆಲ್ ಅಲ್ಲವೇನಯ್ಯಾ!” ಎಂದಿದ್ದರು. ಸೈನ್ಯದವರು ಮರಳಿನಲ್ಲಿ ಕಟ್ಟುವ ಯುದ್ಧಭೂಮಿಯ ಮಾದರಿ ಅದು. ಆಮೇಲೆ ಅವರು ಮನೆಗೆ ಹೋಗಿದ್ದು ಕತ್ತಲಾದ ಮೇಲೆಯೇ.

ಮೊದಲು ಅಳತೆಗೋಲು

ಆಟದ ಗುಣ ನೋಡುವ ಮೊದಲು ನಮ್ಮ ಊರಿನ ಗುಣ ನೋಡಬೇಕು. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ ಸುಮಾರು ಐದೂವರೆ ಲಕ್ಷ, ರಾಜ್ಯದ ಜಿಲ್ಲೆಗಳಲ್ಲೇ ಅತಿ ಕಡಿಮೆ. ಅಷ್ಟರಲ್ಲಿ ಈ ಹುಚ್ಚು ಹಿಡಿದವರು ಎಷ್ಟಿರಬಹುದು? ಅವರೂ ಒಂದೇ ಊರಿನಲ್ಲಿಲ್ಲ. ಮಡಿಕೇರಿಯಿಂದ ವಿರಾಜಪೇಟೆಗೂ ಕುಶಾಲನಗರಕ್ಕೂ ಸುಮಾರು 30 ಕಿಲೋಮೀಟರ್, ಸೋಮವಾರಪೇಟೆಗೆ 40ರ ಆಸುಪಾಸು, ಎಲ್ಲವೂ ತಿರುವು ರಸ್ತೆ. ನಮ್ಮ ಬಳಗದ ಪಟ್ಟಿಯಲ್ಲಿ ಹನ್ನೊಂದು ಹೆಸರಿದ್ದರೂ ಭಾನುವಾರ ಬರುವವರು ನಾಲ್ವರು, ಒಮ್ಮೊಮ್ಮೆ ಇಬ್ಬರು. ಆದ್ದರಿಂದ ನನ್ನ ಮೊದಲ ಅಳತೆ: ಇಬ್ಬರೇ ಬಂದ ದಿನವೂ ಆಟ ನಡೆಯುತ್ತದೆಯೇ? ಆ ಇಬ್ಬರಲ್ಲಿ ಒಬ್ಬ ಬರಿಗೈಯಲ್ಲಿ ಬಂದಿದ್ದರೆ?

ಎರಡನೆಯದು ಹೊತ್ತು. ಮಧ್ಯಾಹ್ನ ಎರಡಕ್ಕೆ ಕೂತರೆ ಐದೂವರೆಗೆ ಏಳಬೇಕು. ಸೋಮವಾರಪೇಟೆಯವರಿಗೆ ಬಸ್ಸಿನ ಚಿಂತೆ, ಸಿದ್ದಾಪುರದ ಕಡೆಯವರಿಗೆ ಆನೆಯ ಚಿಂತೆ. ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಬರುತ್ತೇನೆ ಎಂದರೆ ಮನೆಯಲ್ಲಿ ಒಪ್ಪುವವರಿಲ್ಲ. ಮೇಜು ಜೋಡಿಸುವುದಕ್ಕೆ ಅರ್ಧ ಗಂಟೆ, ಬೆಲ್ಲದ ಕಾಫಿಗೆ ಕಾಲು ಗಂಟೆ ಕಳೆದರೆ ಆಟಕ್ಕೆ ಉಳಿಯುವುದು ಎರಡೂವರೆ ಗಂಟೆ ಚಿಲ್ಲರೆ. ಮೂರನೆಯದು ದುಡ್ಡು: ಮೊದಲ ದಿನದ ಖರ್ಚು ಒಂದು, ಎರಡು ವರ್ಷ ಮುಂದುವರಿಸುವ ಖರ್ಚು ಇನ್ನೊಂದು. ನಾಲ್ಕನೆಯದು ಮಳೆ. ಹೊರಗಿನವರು ಇದನ್ನು ಲೆಕ್ಕಕ್ಕೆ ಇಡುವುದಿಲ್ಲ, ನಾವು ಇಡಲೇಬೇಕು.

ಕೊನೆಯದು ಜನರ ಸ್ವಭಾವ. ಬಳಗ ಒಡೆಯುವುದು ಹೆಚ್ಚಾಗಿ ಇಲ್ಲಿಯೇ. ಗೆಲ್ಲಲೆಂದೇ ಬರುವವನಿಗೆ ನಿಯಮದ ಪ್ರತಿ ಅಕ್ಷರವೂ ಮುಖ್ಯ. ಕಥೆಗಾಗಿ ಬರುವವಳಿಗೆ ತನ್ನ ಬಿಲ್ಲುಗಾರ ಗೋಪುರದಿಂದ ಬಿದ್ದು ಸತ್ತದ್ದೇ ಆ ದಿನದ ಸಂಪಾದನೆ. ಬಣ್ಣಗಾರನಿಗೆ ದಾಳ ಯಾವ ಕಡೆ ಬಿದ್ದರೂ ಒಂದೇ. ಹರಟೆಗೆಂದು ಬರುವವರೂ ಇರುತ್ತಾರೆ. ಅವರನ್ನು ಹಗುರವಾಗಿ ನೋಡಬೇಡಿ, ಕೋಣೆಯ ಬೀಗದ ಕೈ ಸಾಮಾನ್ಯವಾಗಿ ಅವರ ಬಳಿಯೇ ಇರುತ್ತದೆ. ಈ ನಾಲ್ವರಲ್ಲಿ ಎಷ್ಟು ಜನರನ್ನು ಒಂದು ಆಟ ಸುಧಾರಿಸಬಲ್ಲದು ಎಂಬುದೂ ನನ್ನ ಲೆಕ್ಕದಲ್ಲಿದೆ.

ದೊಡ್ಡ ಹೆಸರಿನ ದೊಡ್ಡ ಯುದ್ಧ

ವಾರ್‌ಹ್ಯಾಮರ್ 40,000 ಎಂಬ ಹೆಸರು ಕೇಳದೆ ಈ ಹವ್ಯಾಸಕ್ಕೆ ಬಂದವರು ಕಡಿಮೆ. 1987ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಆಟ. ಗೊಂಬೆಗಳ ಅಂದಕ್ಕೆ ಸಾಟಿ ಇಲ್ಲ, ಹಿನ್ನೆಲೆಯ ಕಥೆಗೆ ತುದಿ ಮೊದಲಿಲ್ಲ, ಬೆಂಗಳೂರಿಗೆ ಹೋದರೂ ಬರ್ಮಿಂಗ್‌ಹ್ಯಾಮಿಗೆ ಹೋದರೂ ಅದೇ ನಿಯಮದಲ್ಲಿ ಆಡುವವರು ಸಿಗುತ್ತಾರೆ. ಗೆಲ್ಲಲು ಬರುವವನಿಗೆ ಇದಕ್ಕಿಂತ ಒಳ್ಳೆಯ ಅಖಾಡ ಇಲ್ಲ.

ಆದರೆ ಪೂರ್ತಿ ಆಟವೆಂದರೆ, ಒಂದೊಂದು ದಳಕ್ಕೂ ಇಂತಿಷ್ಟು ಪಾಯಿಂಟು ಎಂಬ ಲೆಕ್ಕದಲ್ಲಿ, 2,000 ಪಾಯಿಂಟಿನ ಪಡೆ, 60 ಇಂಚು ಉದ್ದ 44 ಇಂಚು ಅಗಲದ ಮೇಜು, ಕೈ ಪಳಗಿದವರಿಗೇ ಮೂರು ಗಂಟೆ. ಹೊಸಬರಾದರೆ ನಾಲ್ಕೂವರೆ. ನಮ್ಮ ಎರಡೂವರೆ ಗಂಟೆಗೆ ಇದು ಹಿಡಿಸುವುದಿಲ್ಲ. ಶುರುವಿನ ಒಂದು ಪೆಟ್ಟಿಗೆಯ ಬೆಲೆಯೇ ಹತ್ತು ಸಾವಿರದ ಆಚೀಚೆ; ಪೂರ್ತಿ ಪಡೆಗೆ ಅಂಥ ಮೂರು ನಾಲ್ಕು ಬೇಕಾಗುತ್ತವೆ. ಜೊತೆಗೆ ಸುಮಾರು ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ: 2017ರಲ್ಲಿ ಎಂಟನೆಯದು, 2020ರಲ್ಲಿ ಒಂಬತ್ತು, 2023ರಲ್ಲಿ ಹತ್ತು. ಗೊಂಬೆ ಹಳತಾಗುವುದಿಲ್ಲ, ಪುಸ್ತಕ ಹಳತಾಗುತ್ತದೆ.

ನಾವು ಐದು ಜನ ಇದರಿಂದಲೇ ಶುರು ಮಾಡಿದ್ದೆವು. ಒಂದೂವರೆ ವರ್ಷ ಚೆನ್ನಾಗಿಯೇ ನಡೆಯಿತು. ನಂತರ ಇಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಅವರ ಜೊತೆ ಅವರ ಪಡೆಗಳೂ ಬಸ್ಸು ಹತ್ತಿದವು. ಉಳಿದ ಮೂವರಲ್ಲಿ ಒಬ್ಬನಿಗೆ ಕಾಫಿ ಕುಯ್ಲು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಮುಖ ತೋರಿಸುವುದಿಲ್ಲ. ಹೊಸಬರು ಬಂದು ನೋಡಿ, ಬೆಲೆ ಕೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಒಬ್ಬೊಬ್ಬರೂ ತಮ್ಮದೇ ಪಡೆ ಕೊಂಡು ತರಬೇಕಾದ ಆಟದಲ್ಲಿ ಒಬ್ಬ ಹೋದರೆ ಕಾಲು ಭಾಗ ಬಳಗವೇ ಹೋದ ಹಾಗೆ. ಮೈಸೂರಿನಂಥ ಊರಿನಲ್ಲಿ ಈ ಪೆಟ್ಟು ತಡೆದುಕೊಳ್ಳಬಹುದು, ಇಲ್ಲಿ ಆಗುವುದಿಲ್ಲ.

ಹಾಗೆಂದು ಪೆಟ್ಟಿಗೆ ಇದ್ದವರು ಬೇಸರಪಡಬೇಕಿಲ್ಲ. ಒಂದೊಂದು ಪೆಟ್ಟಿಗೆಯಷ್ಟೇ ಇಟ್ಟುಕೊಂಡು ಆಡುವ ಕಾಂಬ್ಯಾಟ್ ಪೆಟ್ರೋಲ್ ಎಂಬ ಚಿಕ್ಕ ರೂಪ ಇದೆ. ಮೇಜು 44ಕ್ಕೆ 30 ಇಂಚು ಸಾಕು, ಹೊತ್ತು ಒಂದೂವರೆ ಗಂಟೆ. ಇಬ್ಬರೂ ಒಂದೊಂದು ಪೆಟ್ಟಿಗೆ ಕೊಂಡು ಅಲ್ಲಿಗೇ ನಿಲ್ಲಿಸುವ ಸಂಯಮ ಇದ್ದರೆ ಒಳ್ಳೆಯ ದಾರಿ. ಆ ಸಂಯಮ ಇರುವವರನ್ನು ನಾನು ಇನ್ನೂ ಕಂಡಿಲ್ಲ.

ಹತ್ತು ಗೊಂಬೆಯ ಆಟಗಳು

ದೊಡ್ಡ ಸೈನ್ಯದ ಬದಲು ಪುಟ್ಟ ತಂಡ. ಈ ಜಾತಿಯಲ್ಲಿ ಎರಡು ಬೇರೆ ಬೇರೆ ಸ್ವಭಾವದ ಆಟಗಳನ್ನು ಎದುರುಬದುರು ಇಡುತ್ತೇನೆ, ಏಕೆಂದರೆ ನಮ್ಮಂಥ ಊರಿನ ನಿಜವಾದ ಆಯ್ಕೆ ಇರುವುದು ಇಲ್ಲಿ.

ಕಿಲ್ ಟೀಮ್ ವಾರ್‌ಹ್ಯಾಮರಿನ ಮನೆಯದೇ ಮಗು. ಒಬ್ಬರಿಗೆ ಆರರಿಂದ ಹದಿನಾಲ್ಕು ಗೊಂಬೆ, ಮೇಜು 30ಕ್ಕೆ 22 ಇಂಚು, ನಾಲ್ಕು ಸುತ್ತು, ಎರಡು ಗಂಟೆಯೊಳಗೆ ಮುಗಿಯುತ್ತದೆ. ನಾನೊಬ್ಬನನ್ನು ನಡೆಸಿದರೆ ನೀನೊಬ್ಬನನ್ನು ನಡೆಸು ಎಂಬ ಕ್ರಮ; ಎದುರಾಳಿ ಅರ್ಧ ಗಂಟೆ ತನ್ನ ಸೈನ್ಯ ಸರಿಸುವವರೆಗೆ ಮೊಬೈಲ್ ನೋಡುತ್ತಾ ಕೂರುವ ಪ್ರಮೇಯವಿಲ್ಲ. ಬಿಗಿಯಾದ, ಲೆಕ್ಕಾಚಾರದ ಆಟ. ಪ್ರತಿ ತಂಡಕ್ಕೂ ಅದರದೇ ವಿಶೇಷ ನಿಯಮಗಳಿರುವುದರಿಂದ ಕಲಿಯುವುದಕ್ಕೆ ಮೂರು ನಾಲ್ಕು ಭಾನುವಾರ ಬೇಕು, ಕಲಿತವನು ಕಲಿಯದವನನ್ನು ಹುರಿದು ಮುಕ್ಕುತ್ತಾನೆ. ಗೆಲುವಿನ ಹಸಿವಿನ ಇಬ್ಬರು ಮೂವರು ಇದ್ದರೆ ಇದನ್ನೇ ಹಿಡಿಯಿರಿ. ಹತ್ತು ವರ್ಷದ ಮಗುವಿಗೆ ಇದನ್ನು ಕೊಡಬೇಡಿ.

ಫ್ರಾಸ್ಟ್‌ಗ್ರೇವ್ ಇದಕ್ಕೆ ತದ್ವಿರುದ್ಧ. 2015ರಲ್ಲಿ ಬಂದ ಆಟ, 2020ರಲ್ಲಿ ಎರಡನೆಯ ಆವೃತ್ತಿ. ಹಿಮದಲ್ಲಿ ಹೂತುಹೋಗಿ ಕರಗುತ್ತಿರುವ ಪಾಳು ಊರೊಂದರಲ್ಲಿ ಮಾಂತ್ರಿಕ, ಅವನ ಶಿಷ್ಯ, ಕೂಲಿಗೆ ಬಂದ ಎಂಟು ಜನ ನಿಧಿ ಹುಡುಕುತ್ತಾರೆ. ಮೂರಡಿ ಚೌಕದ ಮೇಜು. ಇಪ್ಪತ್ತು ಮುಖದ ಒಂದೇ ದಾಳವನ್ನು ಇಬ್ಬರೂ ಉರುಳಿಸುತ್ತಾರೆ, ಹೆಚ್ಚು ಬಿದ್ದವನು ಹೊಡೆದ. ದಾಳದ ಕೃಪೆ ಇದ್ದರೆ ಬಡಕಲು ಕಳ್ಳ ಕವಚ ತೊಟ್ಟ ವೀರನನ್ನೂ ಉರುಳಿಸಿಬಿಡುತ್ತಾನೆ, ಮಕ್ಕಳು ಕುಣಿಯುತ್ತಾರೆ, ಗೆಲ್ಲಲೆಂದೇ ಬಂದವನು ಹಲ್ಲು ಕಡಿಯುತ್ತಾನೆ. ಅದರ ಜೀವಾಳ ಇರುವುದು ಆಟಗಳ ನಡುವೆ: ಗಾಯಗೊಂಡವನು ಕುಂಟುತ್ತಾ ಮುಂದಿನ ವಾರಕ್ಕೆ ಬರುತ್ತಾನೆ, ಸತ್ತವನು ಸತ್ತಂತೆಯೇ, ಸಿಕ್ಕ ನಿಧಿಯಲ್ಲಿ ಹೊಸ ಮಂತ್ರ ಕಲಿಯಬಹುದು. ಗೊಂಬೆ ಯಾವ ಕಂಪನಿಯದಾದರೂ ಆಗುತ್ತದೆ.

ಒಂದು ಸಂಜೆಯನ್ನು ಹೇಳುತ್ತೇನೆ. ಜುಲೈ, ಹೊರಗೆ ಮಳೆ, ಕರೆಂಟು ಹೋಗಿ ಮುಕ್ಕಾಲು ಗಂಟೆ. ಎರಡು ಎಮರ್ಜೆನ್ಸಿ ದೀಪಗಳನ್ನು ಥರ್ಮೋಕೋಲಿನ ಗೋಪುರದ ಪಕ್ಕ ಇಟ್ಟಿದ್ದೆವು, ಪುಟ್ಟ ಪುಟ್ಟ ಗೊಂಬೆಗಳ ನೆರಳು ಗೋಡೆಯ ಮೇಲೆ ಆಳೆತ್ತರಕ್ಕೆ ನಿಂತಿತ್ತು. ಬಣ್ಣ ಹಚ್ಚಲು ಮಾತ್ರ ಬರುತ್ತಿದ್ದ ಹುಡುಗಿಯೊಬ್ಬಳು ಅಂದು ಮೊದಲ ಸಲ ದಾಳ ಹಿಡಿದಿದ್ದಳು. ಅವಳ ಬೇಟೆನಾಯಿ ನಿಧಿಯ ಪೆಟ್ಟಿಗೆ ಕಾಯುತ್ತಿದ್ದ ಕಾವಲುಗಾರನನ್ನು ಕೆಡವಿತು. ಅವಳು ಒಂದು ಮಾತೂ ಆಡದೆ ಚೀಲದಿಂದ ಸಣ್ಣ ಬ್ರಷ್ಷು ತೆಗೆದು ಆ ನಾಯಿಯ ಮೂತಿಗೆ ಒಂದು ಚುಕ್ಕೆ ಕೆಂಪು ಹಚ್ಚಿದಳು. ಆ ಚುಕ್ಕೆ ಈಗಲೂ ಇದೆ. ನಾಯಿಗೆ ಹೆಸರೂ ಬಂದಿದೆ. ಕಿಲ್ ಟೀಮಿನ ಮೇಜಿನಲ್ಲಿ ಇಂಥದ್ದು ಆಗುವುದಿಲ್ಲ ಎನ್ನಲಾರೆ, ನಾನು ನೋಡಿಲ್ಲ.

ಫ್ರಾಸ್ಟ್‌ಗ್ರೇವಿನ ಕೊರತೆಗಳೂ ಸಣ್ಣವಲ್ಲ. ಆರೇಳು ಆಟ ಆದ ಮೇಲೆ ಸತತವಾಗಿ ಬಂದವರ ಮಾಂತ್ರಿಕರು ಬೆಳೆದುಬಿಡುತ್ತಾರೆ, ಕುಯ್ಲು ಮುಗಿಸಿ ಮಾರ್ಚ್‌ನಲ್ಲಿ ಬಂದವನ ಮಾಂತ್ರಿಕ ಇನ್ನೂ ಬಾಲಪಾಠದಲ್ಲಿರುತ್ತಾನೆ. ಅದಕ್ಕೆ ನಾವು ಕಂಡುಕೊಂಡ ಉಪಾಯ: ಜೂನ್ ಮೊದಲ ವಾರ ಸರಣಿ ಶುರು, ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬದ ಮೊದಲು ಮುಕ್ತಾಯ. ಮುಂದಿನ ವರ್ಷ ಎಲ್ಲರೂ ಮೊದಲಿನಿಂದ. ಒಬ್ಬರೇ ಇರುವವರಿಗೆ, ಅಥವಾ ಮಕ್ಕಳ ವಿರುದ್ಧ ಆಡದೆ ಮಕ್ಕಳ ಜೊತೆ ಸೇರಿ ಆಡಬೇಕು ಎನ್ನುವವರಿಗೆ, ರೇಂಜರ್ಸ್ ಆಫ್ ಶ್ಯಾಡೋ ಡೀಪ್ ಎಂಬ ಇನ್ನೊಂದು ಆಟವಿದೆ. ನಿಯಮದ ಬೇರು ಒಂದೇ, ಗೊಂಬೆಗಳೂ ಅವೇ ನಡೆಯುತ್ತವೆ, ಎದುರಾಳಿಗಳನ್ನು ನಿಯಮವೇ ನಡೆಸುತ್ತದೆ. ಸೋಲುವುದೂ ಒಟ್ಟಿಗೇ ಆದ್ದರಿಂದ ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಜಗಳ ಇರುವುದಿಲ್ಲ.

ಉಚಿತ ನಿಯಮ, ಯಾರದಾದರೂ ಗೊಂಬೆ

ಒನ್ ಪೇಜ್ ರೂಲ್ಸ್ ಎಂಬವರ ಮೂಲ ನಿಯಮಗಳನ್ನೂ ಪಡೆಗಳ ಪಟ್ಟಿಗಳನ್ನೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಭವಿಷ್ಯದ ಯುದ್ಧಕ್ಕೆ ಗ್ರಿಮ್‌ಡಾರ್ಕ್ ಫ್ಯೂಚರ್, ಕತ್ತಿ-ಮಂತ್ರಗಳ ಲೋಕಕ್ಕೆ ಏಜ್ ಆಫ್ ಫ್ಯಾಂಟಸಿ. ಎರಡಕ್ಕೂ ಹತ್ತು ಗೊಂಬೆಯಲ್ಲಿ ಆಡುವ ಸಣ್ಣ ರೂಪ ಉಂಟು. ಒಂದೊಂದು ದಳಕ್ಕೂ ಎರಡೇ ಮುಖ್ಯ ಅಂಕಿಗಳು, ಎಷ್ಟು ನುರಿತದ್ದು ಮತ್ತು ಎಷ್ಟು ಗಟ್ಟಿ ಎಂದು. ಹೊಸಬರಿಗೆ ಹದಿನೈದು ನಿಮಿಷದಲ್ಲಿ ಹೇಳಿಕೊಡುತ್ತೇನೆ.

ಬಳಗ ಕಟ್ಟುವವನ ಕಣ್ಣಿನಲ್ಲಿ ಇದರ ಬೆಲೆ ಬೇರೆಯೇ ಇದೆ. ವಾರ್‌ಹ್ಯಾಮರ್ ಗೊಂಬೆ ಇದ್ದವನು ಅದನ್ನೇ ತರುತ್ತಾನೆ, ತ್ರೀಡಿ ಪ್ರಿಂಟರ್ ಇದ್ದವನು ಮುದ್ರಿಸಿ ತರುತ್ತಾನೆ, ಏನೂ ಇಲ್ಲದವನಿಗೆ ದಪ್ಪ ಕಾಗದದ ಮೇಲೆ ಚಿತ್ರ ಮುದ್ರಿಸಿ ಮಡಚಿ ನಿಲ್ಲಿಸಿಕೊಟ್ಟರೂ ಆಟ ನಡೆಯುತ್ತದೆ. ಬರಿಗೈಯಲ್ಲಿ ಬಂದವನನ್ನು ಬರಿಗೈಯಲ್ಲಿ ಕಳಿಸದ ಆಟ ಇದು. ಬೆಂಗಳೂರಿಗೆ ಹೋದವರ ಜಾಗದಲ್ಲಿ ನಾಲ್ಕು ಜನ ಹೊಸಬರು ನಿಂತದ್ದು ಇದರಿಂದಲೇ.

ಬದಲಿಗೆ ಕಳೆದುಕೊಳ್ಳುವುದು ರುಚಿ. ಎಲ್ಲ ಪಡೆಗಳೂ ಒಂದೇ ಅಚ್ಚಿನಲ್ಲಿ ಎರೆದಂತೆ ಇರುತ್ತವೆ. ನಿಯಮ ಹಗುರವಾದಷ್ಟೂ ಪಡೆಗಳ ಸ್ವಭಾವ ತೆಳುವಾಗುತ್ತದೆ. ಐವತ್ತು ಆಟ ಆಡಿದವನು ಆಕಳಿಸುತ್ತಾನೆ. ಅವನಿಗೆ ಆಗ ಕಿಲ್ ಟೀಮ್ ಕೊಟ್ಟು ಮೂಲೆಯ ಮೇಜಿಗೆ ಕಳಿಸಿ.

ಚರಿತ್ರೆಯ ಕಾಳಗ, ಸ್ವಲ್ಪ ಎಚ್ಚರದಿಂದ

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ನಾಡಿನಲ್ಲಿ ಚರಿತ್ರೆಯ ಯುದ್ಧಗಳ ಆಟಕ್ಕೆ ಜನ ಸಿಗದೆ ಇರುವುದಿಲ್ಲ. ನಿವೃತ್ತರು ಬರುತ್ತಾರೆ, ಅವರಿಗೆ ಬಿಡುವಿದೆ, ಶಿಸ್ತಿದೆ, ಸೋಲನ್ನು ನಗುತ್ತಾ ನುಂಗುವ ಅಭ್ಯಾಸವಿದೆ. ಎರಡನೆಯ ಮಹಾಯುದ್ಧದ ಬೋಲ್ಟ್ ಆಕ್ಷನ್ 2012ರಿಂದ ಇದೆ. ಚೀಲದಿಂದ ಯಾರ ಬಣ್ಣದ ದಾಳ ಬರುತ್ತದೋ ಅವರ ದಳಕ್ಕೆ ಸರದಿ, ಹಾಗಾಗಿ ಪ್ರತಿ ಕ್ಷಣವೂ ಎದೆ ಡವಡವ. ಬರ್ಮಾದ ಕಾಡುಗಳಲ್ಲಿ ಭಾರತೀಯ ಸೈನಿಕರು ಹೋರಾಡಿದ ಕದನಗಳನ್ನು ಕಟ್ಟಬಹುದು. ತಿಮ್ಮಯ್ಯನವರು ಆ ಯುದ್ಧದಲ್ಲೇ ಡಿಎಸ್‌ಒ ಎಂಬ ಬ್ರಿಟಿಷ್ ಸೇನಾ ಪದಕ ಪಡೆದವರು ಎಂದು ನಮ್ಮ ಸುಬೇದಾರರು ಪ್ರತಿ ಸಲವೂ ನೆನಪಿಸುತ್ತಾರೆ. ಆದರೆ ಇದೂ ಆರಡಿ ಮೇಜಿನ, ಎರಡೂವರೆ ಮೂರು ಗಂಟೆಯ ಆಟ.

ಚರಿತ್ರೆಯ ಆಟಗಳಲ್ಲೇ ಅಗ್ಗವಾದದ್ದು ಡಿಬಿಎ, ಪ್ರಾಚೀನ ಮತ್ತು ಮಧ್ಯಯುಗದ ಕಾಳಗಗಳ ಆಟ. ಒಂದೊಂದು ಕಡೆ ಹನ್ನೆರಡೇ ತುಂಡು. ಹೆಚ್ಚಿನ ತುಂಡುಗಳ ಮೇಲೆ ಎರಡರಿಂದ ನಾಲ್ಕು ಪುಟ್ಟ ಗೊಂಬೆ, 15 ಮಿಲಿಮೀಟರಿನವು. ಮೇಜು ಎರಡಡಿ ಚೌಕ. ದಾಳದಲ್ಲಿ ಎಷ್ಟು ಬಿತ್ತೋ ಅಷ್ಟು ಆಜ್ಞೆ, ನಾಲ್ಕು ತುಂಡು, ಅದೂ ಎದುರಾಳಿಗಿಂತ ಹೆಚ್ಚು, ಕಳೆದುಕೊಂಡವನು ಸೋತ. ಒಂದು ಗಂಟೆಯೊಳಗೆ ಮುಗಿಯುವುದರಿಂದ ಸೋತವನು ಕಾಫಿ ಕುಡಿದು ಸೇಡು ತೀರಿಸಿಕೊಳ್ಳಬಹುದು. ಪೋರಸ್ ಮತ್ತು ಅಲೆಗ್ಸಾಂಡರರನ್ನು ಇಟ್ಟರೆ ನಮ್ಮ ಮಕ್ಕಳೆಲ್ಲ ಪೋರಸನ ಕಡೆಗೇ ಓಡುತ್ತಾರೆ, ಅವನ ಬಳಿ ಆನೆ ಇದೆ. ದಾರಿಯಲ್ಲಿ ಕಂಡ ಆನೆ ಬೇರೆ, ಮೇಜಿನ ಆನೆ ಬೇರೆ. ಎರಡು ಪಡೆಗಳನ್ನೂ ಬಳಗವೇ ಕೊಂಡು ಒಂದು ಬೂಟಿನ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರೆ ಯಾರೂ ಏನೂ ತರಬೇಕಿಲ್ಲ. ಕಷ್ಟ ಒಂದೇ, ಅದರ ಇಂಗ್ಲಿಷು. ಕಾನೂನು ಪುಸ್ತಕ ಓದಿದ ಹಾಗಿರುತ್ತದೆ, ಒಬ್ಬರು ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳಬೇಕು.

ಎಚ್ಚರದ ಮಾತು: ಹತ್ತಿರದ ಚರಿತ್ರೆಯನ್ನು ಮೇಜಿಗೆ ತರಬೇಡಿ. ಟಿಪ್ಪುವಿನ ಕಾಲದ ಕಾಳಗ, 1834ರಲ್ಲಿ ಬ್ರಿಟಿಷರು ಕೊಡಗನ್ನು ಹಿಡಿದದ್ದು, ಇವೆಲ್ಲ ಆಟಕ್ಕೆ ಎಷ್ಟೇ ಚೆನ್ನಾಗಿ ಒದಗಿದರೂ ಮೇಜಿನ ಸುತ್ತ ಕೂತವರ ಮನೆಗಳಲ್ಲಿ ಆ ಕಥೆಗಳು ಬೇರೆ ಬೇರೆಯಾಗಿ ಉಳಿದಿವೆ. ದಾಳ ಉರುಳಿಸಿ ತೀರ್ಮಾನಿಸುವ ವಿಷಯ ಅದಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸಿನಂಥ ಪಾತ್ರಾಭಿನಯದ ಆಟಗಳನ್ನೂ ಕೆಲವರು ಕೇಳಿದರು. ಗೊಂಬೆ ಬೇಕು, ಆದರೆ ಅಲ್ಲಿ ಗೊಂಬೆ ಗೌಣ. ಕಥೆ ನಡೆಸುವ ಒಬ್ಬ ಸಮರ್ಥರು ತಪ್ಪದೆ ಬರುವುದಾದರೆ ಆ ಬಳಗಕ್ಕೆ ಬೇರೇನೂ ಬೇಡ. ಅವರು ಬಾರದ ಭಾನುವಾರ ಬೇರೆ ಯಾರು ಬಂದರೂ ಆಟವಿಲ್ಲ. ಅಂಥವರು ನಿಮ್ಮಲ್ಲಿ ಇದ್ದಾರೆಯೇ ಎಂಬುದು ನಿಮಗೇ ಗೊತ್ತು.

ಗೊಂಬೆ ಮತ್ತು ಮಳೆ

ಆಟ ಯಾವುದೇ ಆಗಲಿ, ಗೊಂಬೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ಉಳಿಯುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆ ಕೊಂಡರೆ ದುಬಾರಿ, ಆದರೆ ನಿಶ್ಚಿಂತೆ. ಇಪ್ಪತ್ತು ಗೊಂಬೆಯ ಒಂದು ಪೆಟ್ಟಿಗೆ ತಂದು ಇಬ್ಬರು ಹಂಚಿಕೊಂಡರೆ ಎರಡು ಫ್ರಾಸ್ಟ್‌ಗ್ರೇವ್ ತಂಡ ಆಗುತ್ತದೆ. ದ್ರವದಿಂದ ಪದರ ಪದರವಾಗಿ ಗೊಂಬೆ ಮುದ್ರಿಸುವ ರೆಸಿನ್ ಪ್ರಿಂಟರ್ ಕೊಂಡರೆ ಒಂದೊಂದು ಗೊಂಬೆಗೆ ಚಿಲ್ಲರೆ ಕಾಸು ಎಂಬ ಲೆಕ್ಕ ನಿಜ, ಆದರೆ ಆ ಲೆಕ್ಕ ಬರೆದವರು ಮಡಿಕೇರಿಯ ಜುಲೈ ನೋಡಿದವರಲ್ಲ. ಚಳಿಗೆ ರೆಸಿನ್ ಗಟ್ಟಿಯಾಗಿ ಪದರ ಕೂರುವುದಿಲ್ಲ, ಮುದ್ರಣದ ನಡುವೆ ಕರೆಂಟು ಹೋಗುತ್ತದೆ, ತೊಳೆದ ಗೊಂಬೆಯನ್ನು ಬಿಸಿಲಿಗೆ ಇಡಿ ಎನ್ನುತ್ತಾರೆ, ಬಿಸಿಲನ್ನು ಎಲ್ಲಿಂದ ತರುವುದು? ಯುಪಿಎಸ್, ಯುವಿ ದೀಪ, ಕೈಗವಸು, ಗಾಳಿಯಾಡುವ ಪ್ರತ್ಯೇಕ ಕೋಣೆ ಇವೆಲ್ಲ ಸೇರಿಸಿ ಲೆಕ್ಕ ಹಾಕಿ. ಕುಶಾಲನಗರದಲ್ಲಿ ಮಳೆಯೂ ಚಳಿಯೂ ಕಡಿಮೆ. ಬಳಗಕ್ಕೊಂದೇ ಪ್ರಿಂಟರ್ ಆದರೆ ಅದು ಅಲ್ಲಿಯವರ ಮನೆಯಲ್ಲಿರಲಿ.

ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರನ್ನು ಡಬ್ಬಿಯಿಂದ ಸಿಂಪಡಿಸುವವರು ಮೇ ತಿಂಗಳೊಳಗೆ ಸಿಂಪಡಿಸಿ ಮುಗಿಸಿ. ಗಾಳಿಯಲ್ಲಿ ತೇವವಿದ್ದರೆ ಗೊಂಬೆಯ ಮೈ ಬೂದಿ ಹಿಡಿದಂತೆ ತರಿತರಿಯಾಗುತ್ತದೆ. ಮಳೆಗಾಲಕ್ಕೆ ಬ್ರಷ್ಷಿನಲ್ಲಿ ಹಚ್ಚುವ ಪ್ರೈಮರೇ ಸರಿ. ನನ್ನದೇ ಒಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಗೊಂಬೆಯ ಪಾದದಡಿ ಮಣ್ಣಿನಂತೆ ಕಾಣಲು ಫಿಲ್ಟರಿನಲ್ಲಿ ಉಳಿದ ಕಾಫಿ ಚರಟವನ್ನು ಒಣಗಿಸಿ ಅಂಟಿಸುವುದು ಈ ಹವ್ಯಾಸದ ಹಳೆಯ ತಂತ್ರ. ಕಾಫಿಯ ನಾಡಿನಲ್ಲಿ ಇದಕ್ಕಿಂತ ಸೊಗಸು ಬೇರೆ ಯಾವುದು ಎಂದುಕೊಂಡು ಹನ್ನೆರಡು ಗೊಂಬೆಗೆ ಅಂಟಿಸಿ, ವಾರ್ನಿಷ್ ಬಳಿಯದೆ ಪೆಟ್ಟಿಗೆಯಲ್ಲಿಟ್ಟೆ. ಆಗಸ್ಟ್‌ನಲ್ಲಿ ತೆರೆದರೆ ಹನ್ನೆರಡೂ ವೀರರು ಮೊಣಕಾಲುದ್ದ ಬಿಳಿ ಬೂಷ್ಟಿನಲ್ಲಿ ನಿಂತಿದ್ದರು. ಹಿಮದ ಊರಿನ ಆಟಕ್ಕೆ ಚೆನ್ನಾಗಿ ಹೊಂದುತ್ತಿತ್ತು, ವಾಸನೆಯೊಂದು ಇಲ್ಲದಿದ್ದರೆ. ಈಗ ಜರಡಿ ಹಿಡಿದ ಕೆಂಪು ಮಣ್ಣನ್ನು ಬಾಣಲೆಯಲ್ಲಿ ಹುರಿದು, ಫೆವಿಕಾಲ್ ಮೇಲೆ ಉದುರಿಸುತ್ತೇನೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರುತ್ತದೆ.

ಗುಡ್ಡ, ಪಾಳುಗೋಡೆ, ಕೋಟೆಗಳಿಗೆ ಮಾತ್ರ ಒಂದು ರೂಪಾಯಿಯನ್ನೂ ಹೊರಗೆ ಕಳಿಸಬೇಡಿ. ಮಡಿಕೇರಿ ದಸರೆಯ ಮೆರವಣಿಗೆಯ ಹತ್ತು ಅಲಂಕೃತ ಮಂಟಪಗಳಿಗೆ, ಅಂದರೆ ದಶಮಂಟಪಗಳಿಗೆ, ಕೆಲಸ ಮಾಡಿದ ಹುಡುಗರು ಎಲ್ಲ ಕೇರಿಯಲ್ಲೂ ಇದ್ದಾರೆ. ಥರ್ಮೋಕೋಲನ್ನು ಬಂಡೆಯಾಗಿಸುವುದು, ಬಂಡೆಗೆ ಪಾಚಿಯ ಬಣ್ಣ ಕೊಡುವುದು ಅವರಿಗೆ ಕರತಲಾಮಲಕ. ಅಂಥ ಒಬ್ಬನನ್ನು ನಾವು ಗೋಪುರವೊಂದನ್ನು ಕೇಳಿದ್ದೆವು. ಅವನು ನಾಲ್ಕಡಿ ಎತ್ತರದ್ದು ತಂದ, ದೀಪ ಸಮೇತ. ಮೂರನೆಯ ಪ್ರಯತ್ನಕ್ಕೆ ಅಳತೆ ಸರಿಹೋಯಿತು, ಈಗ ಅವನೂ ಆಡುತ್ತಾನೆ. ಕಾಫಿ ಗಿಡ ಸವರಿದಾಗ ಬೀಳುವ ಒಣ ಕಡ್ಡಿಗಳು ಪಾಳು ಕಾಡಿಗೆ ಹೇಳಿ ಮಾಡಿಸಿದಂತಿವೆ.

ಒಂದು ಪ್ಲೈವುಡ್ ಹಾಳೆ

ಎಂಟಡಿ ನಾಲ್ಕಡಿಯ ಹಾಳೆಯೊಂದನ್ನು ಕೊಂಡು, ಅಂಗಡಿಯಲ್ಲೇ ಉದ್ದದಲ್ಲಿ ಐದಡಿಗೆ ಕೊಯ್ಯಿಸಿ. ಐದಡಿಯ ತುಂಡಿನ ಮೇಲೆ ವಾರ್‌ಹ್ಯಾಮರಿನ 60ಕ್ಕೆ 44 ಇಂಚು ಕೂರುತ್ತದೆ. ಉಳಿದ ಮೂರಡಿ-ನಾಲ್ಕಡಿಯ ತುಂಡಿನ ಮೇಲೆ ಫ್ರಾಸ್ಟ್‌ಗ್ರೇವ್, ಅಥವಾ ಒಂದರ ಪಕ್ಕ ಒಂದು ಎರಡು ಕಿಲ್ ಟೀಮ್, ಅಥವಾ ಕಾಂಬ್ಯಾಟ್ ಪೆಟ್ರೋಲ್. ಹೊರಗೆ ಬಿಟ್ಟದ್ದು ಬೋಲ್ಟ್ ಆಕ್ಷನ್ ಒಂದನ್ನೇ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗವೆಂದು ಆಸೆಪಡಬೇಡಿ, ಒಂದೇ ಮಳೆಗಾಲಕ್ಕೆ ಅಂಚು ಹಪ್ಪಳದಂತೆ ಉಬ್ಬುತ್ತದೆ.

ಜಾಗ? ಸಮುದಾಯದ ಸಭಾಂಗಣಗಳು ಮದುವೆ ಕಾಲದಲ್ಲಿ ಸಿಗುವುದಿಲ್ಲ, ಬಾಡಿಗೆಯೂ ಜಾಸ್ತಿ. ಹೋಂಸ್ಟೇಗಳ ಊಟದ ಕೋಣೆ ಮಳೆಗಾಲದಲ್ಲಿ ಖಾಲಿ, ದೊಡ್ಡ ಮೇಜುಗಳು ಅಲ್ಲೇ ಇರುತ್ತವೆ. ಪ್ರವಾಸಿಗರ ರಜೆ ಬಂತೆಂದರೆ ನಾವು ಹೊರಗೆ. ನಮ್ಮದು ಸದ್ಯ ಪರಿಚಯದವರ ಮನೆಯ ಹಳೆಯ ಗೋದಾಮು, ಕುಯ್ಲಿನ ಕಾಲದಲ್ಲಿ ಕಾಫಿ ಮೂಟೆ, ಉಳಿದಂತೆ ನಾವು.

ಕೇಳಿದ ಮೂವರಿಗೆ

ಗೋಣಿಕೊಪ್ಪದ ಹುಡುಗನಿಗೆ: ಆ ಪೆಟ್ಟಿಗೆಯನ್ನು ಮಾರಬೇಡ, ಎರಡನೆಯದನ್ನು ಕೊಳ್ಳಲೂ ಬೇಡ. ಅದರಲ್ಲಿರುವ ಗೊಂಬೆಗಳನ್ನು ಎರಡು ಪಾಲು ಮಾಡಿ, ಗ್ರಿಮ್‌ಡಾರ್ಕ್ ಫ್ಯೂಚರಿನ ಸಣ್ಣ ನಿಯಮ ಇಳಿಸಿಕೊಂಡು, ಹಾಸ್ಟೆಲಿನ ಯಾರಾದರೂ ಒಬ್ಬರನ್ನು ಕೂರಿಸು. ಮೂರು ತಿಂಗಳಲ್ಲಿ ನಾಲ್ವರಾದರೆ, ಇಬ್ಬರಿಗೆ ಗೆಲ್ಲುವ ಚಪಲ ಹತ್ತಿದರೆ, ಆಗ ಕಿಲ್ ಟೀಮ್ ನೋಡು.

ಕುಶಾಲನಗರದವರಿಗೆ: ರೇಂಜರ್ಸ್ ಆಫ್ ಶ್ಯಾಡೋ ಡೀಪ್ ಒಂದು ಪುಸ್ತಕ, ಇಪ್ಪತ್ತು ಗೊಂಬೆಯ ಒಂದು ಪೆಟ್ಟಿಗೆ, ಉಳಿದ ರಾಕ್ಷಸರು ಕಾಗದದವು. ಮಕ್ಕಳೇ ಬರೆದು ಬಣ್ಣ ತುಂಬಲಿ. ದೊಡ್ಡವನಿಗೆ ಅಪ್ಪನನ್ನು ಸೋಲಿಸುವ ಆಸೆ ಬಂದ ದಿನ ಅದೇ ಗೊಂಬೆಗಳನ್ನು ಫ್ರಾಸ್ಟ್‌ಗ್ರೇವಿಗೆ ಇಳಿಸಿ.

ಶಿಕ್ಷಕರೇ, ನೀವು ಯಾವ ಆಟವನ್ನೂ ಆರಿಸಬೇಕಿಲ್ಲ. ತಿಂಗಳಿಗೊಂದು ಭಾನುವಾರ ದಾಳ ಮುಟ್ಟದೆ ಬರೀ ಬಣ್ಣ ಹಚ್ಚುವ ದಿನ ಇಡಿ, ಬ್ರಷ್ಷು ಮತ್ತು ಬಣ್ಣ ಬಳಗದ್ದೇ ಇರಲಿ. ಹಾಗೆ ಹಚ್ಚಿದ ಗೊಂಬೆಗಳೇ ಬಳಗದ ಸಾಲದ ಪೆಟ್ಟಿಗೆಗೆ ಹೋಗುತ್ತವೆ, ಮುಂದಿನ ವಾರ ಬರಿಗೈಯಲ್ಲಿ ಬಂದವನು ಅವನ್ನೇ ಎತ್ತಿಕೊಳ್ಳುತ್ತಾನೆ. ನಮ್ಮ ಪೆಟ್ಟಿಗೆಯಲ್ಲಿ ಈಗ 28 ಮಿಲಿಮೀಟರಿನ ಎಂಬತ್ತು ಚಿಲ್ಲರೆ ಗೊಂಬೆಗಳಿವೆ, ಅವು ಮೂರು ನಿಯಮಗಳಲ್ಲಿ ದುಡಿಯುತ್ತವೆ. ಈ ವರ್ಷ ಕೊಡವರ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ಕ್ಕೆ, ಬಣ್ಣದ ದಿನ ಇಟ್ಟಿದ್ದೇವೆ. ಅಂದು ಔಷಧಿಯೆಂದು ತಿನ್ನುವ ಮದ್ದು ಸೊಪ್ಪಿನ ಪಾಯಸ ಇರುತ್ತದೆ. ಅದರ ನೇರಳೆ ಬಣ್ಣ ಬ್ರಷ್ಷು ತೊಳೆಯುವ ಲೋಟದ ನೀರಿನಂತೆಯೇ ಕಾಣುವುದರಿಂದ ಲೋಟಗಳನ್ನು ದೂರ ದೂರ ಇಡುತ್ತೇವೆ. ಹೋದ ವರ್ಷ ಇಟ್ಟಿರಲಿಲ್ಲ.